ಕೋಟೆಕಲ್ಲಿನ ಮನೆ: ವಾಡೆಯ ಹಿಂದಿನ ಎಡೆ

ಒಳಗಿನಿಂದ ಲೋಟ ಬಿದ್ದ ಸದ್ದು ಕೇಳಿಸಿತು.

ಬಾಗಿಲು ಮುಚ್ಚಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಇದ್ದರೆ ಸತ್ತವರೇ ಇರಬೇಕು. ಅವರನ್ನು ಹೆಸರು ಹಿಡಿದು ಊಟಕ್ಕೆ ಕರೆದು, ಎಡೆ ಬಡಿಸಿ, ದೀಪ ಹಚ್ಚಿ, ಬದುಕಿದ್ದವರೆಲ್ಲ ಹೊರಗೆ ಬಂದು ಬಾಗಿಲೆಳೆದುಕೊಂಡು ಐದು ನಿಮಿಷವೂ ಆಗಿರಲಿಲ್ಲ.

ಮಾರ್ನಮಿ ಅಮಾವಾಸ್ಯೆಯ ಮಧ್ಯಾಹ್ನ ಮೂರು ಗಂಟೆ. ಆ ಹೊತ್ತಿಗೆ ಕಿರಂಗೂರಿನ ಯಾವ ಮನೆಗೆ ಹೋದರೂ ಒಂದು ಮುಚ್ಚಿದ ಬಾಗಿಲು, ಅದರ ಮುಂದೆ ಕೈಕಟ್ಟಿ ನಿಂತ ಮನೆಮಂದಿ. ಹಿರಿಯರು ಉಣ್ಣುವಾಗ ನೋಡಬಾರದು. ಒಂದಿಷ್ಟು ಹೊತ್ತು ಬಿಟ್ಟು, ಬಾಗಿಲನ್ನು ಮೂರು ಸಲ ತಟ್ಟಿ, ಗಂಟಲು ಸರಿಮಾಡಿಕೊಂಡು ಒಳಗೆ ಹೋಗಬೇಕು. ಉಣ್ಣುತ್ತಿರುವವರಿಗೆ ಎದ್ದು ಹೋಗಲು ಅಷ್ಟು ಸಮಯ ಕೊಡುವುದು ಮರ್ಯಾದೆ.

ಹೊನ್ನಪ್ಪನ ಮುಖ ಬಿಳುಪೇರಿತು. ನಲವತ್ತು ವರ್ಷದ ಗಟ್ಟಿ ಆಳು, ಊರಾಚೆಯ ಆಲೆಮನೆಯ ಯಜಮಾನ, ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲಿ ಬರಿಮೈಯಲ್ಲಿ ನಿಲ್ಲುವವನು. ಈಗ ಒಂದು ಲೋಟದ ಸದ್ದಿಗೆ ಹೆಂಡತಿ ಲತಳ ಬೆನ್ನ ಹಿಂದಕ್ಕೆ ಸರಿದ.

“ಅವ್ವಾ, ಕೇಳುಸ್ತಾ?”

“ಕೇಳುಸ್ತು,” ಎಂದಳು ಅವನ ತಾಯಿ ದೊಡ್ಡತಾಯಮ್ಮ, ಕಂಬಕ್ಕೆ ಒರಗಿ ಅಡಕೆ ಕುಟ್ಟುತ್ತಲೇ. “ನಿಮ್ಮಪ್ಪ ಬದುಕಿದ್ದಾಗ್ಲೂ ಲೋಟ ಉರುಳುಸ್ದೆ ಉಂಡೋನಲ್ಲ.”

ಆ ಮನೆಯವನಲ್ಲದವನು ಅಲ್ಲಿ ಒಬ್ಬನೇ ಇದ್ದ. ದೇವಯ್ಯ. ಕೆ.ಆರ್.ಎಸ್.ನಲ್ಲಿ ಮೂವತ್ತೆರಡು ವರ್ಷ ಗೇಜು ಓದಿದವನು. ಬೆಳಗ್ಗೆ ಸಂಜೆ ಕಟ್ಟೆಯ ಮೇಲೆ ನಿಂತು ನೀರು ಎಷ್ಟು ಅಡಿ, ಎಷ್ಟು ಅಂಗುಲ ಎಂದು ನೋಡಿ ಬರೆದಿಡುವುದೇ ಅವನ ಕೆಲಸವಾಗಿತ್ತು. ನಿವೃತ್ತಿಯಾಗಿ ಎರಡು ವರ್ಷವಾದರೂ ಚಾಳಿ ಬಿಟ್ಟಿಲ್ಲ. ಯಾರ ಮನೆಗೆ ಹೋದರೂ ಮೊದಲು ಎಣಿಸುತ್ತಾನೆ. ತೊಲೆ ಎಷ್ಟು, ಬಾಗಿಲಲ್ಲಿ ಚಪ್ಪಲಿ ಎಷ್ಟು ಜೊತೆ, ಗೂಟದಲ್ಲಿ ಅಂಗಿ ಎಷ್ಟು. ಊರವರು ನಗುತ್ತಿದ್ದರು. ಅವನ ಅಕ್ಕನ ಮಗಳು ಸಿದ್ದಲಿಂಗಮ್ಮನ ಗಂಡ ಕಾಣೆಯಾಗಿ, ಪೊಲೀಸರು ಫೈಲು ಕಟ್ಟಿಟ್ಟು, ಕೊನೆಗೆ ಹುಡುಕುವವನು ಅವನೊಬ್ಬನೇ ಉಳಿದಾಗ ನಗುವುದನ್ನು ನಿಲ್ಲಿಸಿದರು.

ಆ ಗಂಡ ಚಿಕ್ಕಸಿದ್ದಯ್ಯ, ಹೊನ್ನಪ್ಪನ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಹೋದ ವರ್ಷ ಇದೇ ಅಮಾವಾಸ್ಯೆಗೆ ಮೂರು ದಿನ ಮುಂಚೆ, ಬುಧವಾರ ಸಂಜೆ, ಆಲೆಮನೆ ಬಿಟ್ಟವನು ಮತ್ತೆ ಕಾಣಲಿಲ್ಲ.

ಸಿದ್ದಲಿಂಗಮ್ಮನಿಗೆ ಮೂವತ್ತೊಂದು. ಹಣೆಯಲ್ಲಿ ಕುಂಕುಮವಿದೆ, ಮನೆಯಲ್ಲಿ ಗಂಡನಿಲ್ಲ. ಮದುವೆ ಮನೆಯಲ್ಲಿ ಅರಿಸಿನ ಹಚ್ಚಲು ಕರೆಯುವವರಿಲ್ಲ, ಗಂಡ ಸತ್ತವಳೆಂದು ಕನಿಕರ ತೋರಿಸುವವರೂ ಇಲ್ಲ. ತಾಯಿ ತೀರಿಕೊಂಡಾಗ ಅವಳು ನಾಲ್ಕು ವರ್ಷದ ಕೂಸು. ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಕಟ್ಟಿ ಉಣ್ಣಿಸಿದವನು ದೇವಯ್ಯ. ಅವಳು ಹೀಗೆ ಎರಡೂ ಅಲ್ಲದೆ ಒಣಗುವುದನ್ನು ನೋಡಿದಾಗಲೆಲ್ಲ ಅವನ ಕರುಳು ಚುರುಕ್ಕೆನ್ನುತ್ತಿತ್ತು. ಬದುಕಿದ್ದರೆ ಎಳೆದು ತರುತ್ತೇನೆ, ಸತ್ತಿದ್ದರೆ ಕೊಂದವರ ಹೆಸರು ತರುತ್ತೇನೆ, ಈ ಪಿತೃಪಕ್ಷ ಮುಗಿಯುವುದರೊಳಗೆ, ಎಂದು ಅವಳಿಗೆ ಮಾತು ಕೊಟ್ಟಿದ್ದ.

ಪಕ್ಷದ ಕೊನೆಯ ದಿನ ಇವತ್ತೇ.

ಬೆಳಗ್ಗೆ ಅವನು ಹೊರಟಾಗ ಸಿದ್ದಲಿಂಗಮ್ಮ ಬಾಗಿಲವರೆಗೂ ಬಂದಿದ್ದಳು. “ಇವತ್ತೊಂದಿನ ಎಲ್ಲೂ ಓಗ್ಬೇಡ ಮಾವ. ಮನೇಲೇ ಇರು,” ಎಂದಿದ್ದಳು. ಒಬ್ಬಳೇ ಇರಲು ಅವಳಿಗೆ ಸಂಕಟವಾಗುತ್ತಿದೆ ಎಂದುಕೊಂಡು, ಬೇಗ ಬರುತ್ತೇನೆಂದು ಹೇಳಿ ಅವನು ಸೈಕಲ್ಲು ಹತ್ತಿದ್ದ.

ಅವನು ಬಂದದ್ದು ಈ ಮನೆಗೆ. ಬೇರೆ ದಿನ ಬಂದಿದ್ದರೆ ಹೊನ್ನಪ್ಪ ಹೊಸ್ತಿಲು ದಾಟಿಸುತ್ತಿರಲಿಲ್ಲ. ಹೋದ ವಾರವಷ್ಟೇ “ನಮ್ಮನೇಲಿ ಏನಿಟ್ಟಿದ್ದೀಯ ಅಂತ ತಿರುಗ್ತೀಯ” ಎಂದು ಬಾಯಿ ಮಾಡಿದ್ದ. ಆದರೆ ಪಕ್ಷದ ದಿನ ಬಾಗಿಲಿಗೆ ಬಂದವನನ್ನು ಹಿಂದಕ್ಕೆ ಕಳಿಸುವ ಮನೆ ಈ ಸೀಮೆಯಲ್ಲಿಲ್ಲ. ಯಾವ ಹಿರಿಯ ಯಾರ ರೂಪದಲ್ಲಿ ಬಂದಿದ್ದಾನೋ ಯಾರಿಗೆ ಗೊತ್ತು. ಅಷ್ಟು ತಿಳಿದೇ ದೇವಯ್ಯ ಈ ದಿನವನ್ನು ಆರಿಸಿಕೊಂಡಿದ್ದ.

ಮನೆಯೋ, ನೋಡಿದರೇ ಮಾತು ನಿಲ್ಲುವಂಥದ್ದು. ಹೊನ್ನಪ್ಪನ ಮುತ್ತಜ್ಜ ಪಟ್ಟಣದ ಕೋಟೆಯ ಕುಸಿದ ಗೋಡೆಯಿಂದ ಗಾಡಿಗಟ್ಟಲೆ ಕಲ್ಲು ಹೊತ್ತು ತಂದು ಕಟ್ಟಿಸಿದ್ದು. ಅದರಲ್ಲಿ ಬಂದೀಖಾನೆಯ ಕಲ್ಲೂ ಸೇರಿದೆ, ಅದಕ್ಕೇ ಗೋಡೆಗೆ ಕಿವಿಯಿಟ್ಟರೆ ನರಳಾಟ ಕೇಳುತ್ತದೆ ಎಂದು ಊರಿನ ಹೆಂಗಸರು ಹೇಳುತ್ತಾರೆ. ಕಿವಿಯಿಟ್ಟವರು ಯಾರೂ ಇಲ್ಲ. ಗೋಡೆ ಎರಡು ಮೊಳ ದಪ್ಪ, ಕಿಟಕಿಗಳು ಅಂಗೈ ಅಗಲ, ಹಗಲಲ್ಲೂ ನಡುಮನೆಯಲ್ಲಿ ದೀಪ ಬೇಕು. ಉಪ್ಪರಿಗೆಗೆ ಬೀಗ ಹಾಕಿ ಇಪ್ಪತ್ತು ವರ್ಷ. ಈಗ ಒಂದು ವರ್ಷದಿಂದ ಅಲ್ಲಿ ಯಾರೋ ಕೆಮ್ಮುತ್ತಾರೆ ಎಂಬ ಸುದ್ದಿ ಹಬ್ಬಿತ್ತು, ಅದೂ ಬೆಲ್ಲದ ಹೊಗೆ ಕುಡಿದ ಎದೆಯ ಕೆಮ್ಮು. ದೇವಯ್ಯ ಹೋದ ವಾರ ಹಿತ್ತಲ ಮರ ಹತ್ತಿ ಉಪ್ಪರಿಗೆಯ ಕಿಂಡಿಯಲ್ಲಿ ಇಣುಕಿ ನೋಡಿದ್ದ. ಕೆಮ್ಮುತ್ತಿದ್ದದ್ದು ಮೂರು ಗೂಬೆಗಳು. ಅರವತ್ತು ದಾಟಿದವನು ಮರ ಹತ್ತಿದ್ದಕ್ಕೆ ಮಂಡಿ ಇನ್ನೂ ನೋಯುತ್ತಿತ್ತು.

ಗೂಬೆಯೇನೋ ಸರಿ. ಗೂಬೆ ಲೋಟ ಉರುಳಿಸುವುದಿಲ್ಲವಲ್ಲ.

ದೊಡ್ಡತಾಯಮ್ಮ ಕುಟ್ಟಾಣಿ ಕೆಳಗಿಟ್ಟು ಎದ್ದಳು. ಬಾಗಿಲನ್ನು ಮೂರು ಸಲ ತಟ್ಟಿದಳು.

“ಉಂಡ್ರಾ? ಸರಿ, ಬತ್ತೀವಿ ಕಣ್ರಪ್ಪ,” ಎಂದು ಒಳಗಿನವರಿಗೆ ಹೇಳಿ, ಗಂಟಲು ಸರಿಮಾಡಿಕೊಂಡು, ಬಾಗಿಲು ತಳ್ಳಿದಳು.

ಕಾಳು ತುಂಬಿಡುವ ಕೋಣೆ ಅದು. ಕಿಟಕಿಯಿಲ್ಲ. ಸೂರಿನ ಬೆಳಕಿಂಡಿಯಿಂದ ಬಿದ್ದ ಒಂದು ಪಟ್ಟಿ ಬಿಸಿಲಲ್ಲಿ ಸಾಂಬ್ರಾಣಿಯ ಹೊಗೆ ಸುತ್ತುತ್ತಿತ್ತು. ಗೋಡೆಗೆ ಒತ್ತಿ ಮಣ್ಣಿನ ವಾಡೆ ನಿಂತಿತ್ತು. ಹಿಂದಿನವರು ರಾಗಿ ತುಂಬುತ್ತಿದ್ದ ಆಳೆತ್ತರದ ಮಡಕೆ, ಒಬ್ಬ ಮನುಷ್ಯ ಅದರ ಹಿಂದೆ ನಿಂತರೆ ಕಾಣಿಸುವುದಿಲ್ಲ. ಅದರ ಮುಂದೆ ಕಳಶ, ಕಳಶಕ್ಕೆ ಹೊಸ ಪಂಚೆ, ಹೊಸ ಸೀರೆ. ಕಳಶದ ಮುಂದೆ ಸಾಲಾಗಿ ಬಾಳೆಯೆಲೆಗಳು.

ದೇವಯ್ಯ ಎಣಿಸಿದ. ನಾಲ್ಕು.

ಒಂದು ಹೊನ್ನಪ್ಪನ ತಾತನಿಗೆ, ಪಕ್ಕದಲ್ಲಿ ಹೊಗೆಸೊಪ್ಪು. ಒಂದು ಅಜ್ಜಿಗೆ. ಒಂದು ತಂದೆ ಮರಿಯಯ್ಯನಿಗೆ, ಅದರ ಪಕ್ಕ ಬೀಡಿ ಕಟ್ಟು ಮತ್ತು ಒಂದು ಕ್ವಾರ್ಟರು. ಕೊನೆಯದು ಹದಿನೈದಕ್ಕೇ ಜ್ವರ ಬಂದು ಹೋದ ಹೊನ್ನಪ್ಪನ ತಂಗಿಗೆ, ಹಸಿರು ಬಳೆ, ರಿಬ್ಬನ್ನು. ನಾಲ್ಕೂ ಎಲೆಯಲ್ಲಿ ಮುದ್ದೆ, ಬಾಡಿನ ಸಾರು, ವಡೆ, ತುದಿಯಲ್ಲಿ ಎರಡೆರಡು ಕಜ್ಜಾಯ. ನಾಲ್ಕು ಎಲೆಯ ಮುಂದೆ ನಾಲ್ಕು ಹಿತ್ತಾಳೆ ಲೋಟ, ನಾಲ್ಕೂ ನೆಟ್ಟಗೆ ನಿಂತಿದ್ದವು.

ಐದನೆಯ ಲೋಟ ನೆಲದ ಮೇಲೆ ಮಲಗಿತ್ತು.

ಅದು ಉರುಳಿಕೊಂಡು ಬಂದಿದ್ದ ದಾರಿಯುದ್ದಕ್ಕೂ ನೀರಿನ ಗೆರೆ. ದೇವಯ್ಯನ ಕಣ್ಣು ಅದರ ಹಿಂದೆಯೇ ಹೋಯಿತು. ಗೆರೆ ವಾಡೆಯ ಹಿಂದಿನಿಂದ ಶುರುವಾಗಿತ್ತು. ಅಷ್ಟರಲ್ಲಿ ದಪ್ಪ ಹೆಗ್ಗಣವೊಂದು ವಾಡೆಯ ಬುಡದಿಂದ ಎದ್ದು, ಯಾರ ಮುಲಾಜೂ ಇಲ್ಲದೆ ಕೋಣೆಯ ಮೂಲೆಯ ನೀರು ಕಿಂಡಿಗೆ ನುಗ್ಗಿತು.

“ಇದಾ,” ಎಂದು ಹೊನ್ನಪ್ಪ ಉಸಿರು ಬಿಟ್ಟ. ನಗಲು ನೋಡಿದ.

ದೇವಯ್ಯ ನಗಲಿಲ್ಲ. ವಾಡೆಯ ಪಕ್ಕಕ್ಕೆ ಹೋಗಿ ಬಗ್ಗಿದ. ಗೋಡೆಗೂ ವಾಡೆಗೂ ನಡುವಿನ ಸಂದಿಯಲ್ಲಿ, ಬೆಳಕು ಬೀಳದ ಕಡೆ, ಇನ್ನೊಂದು ಬಾಳೆಯೆಲೆ ಹಾಸಿತ್ತು. ಒಂದು ಪುಟ್ಟ ದೀಪ. ಮುದ್ದೆ, ಸಾರು, ವಡೆ, ಒಂದು ಹಿಡಿ ಅನ್ನ. ಮಡಿಸಿಟ್ಟ ಹೊಸ ಟವಲು.

“ಯಾರ್ದವ್ವ ಇದು?” ಹೊನ್ನಪ್ಪನ ದನಿ ಕೀರಲಾಯಿತು. “ನಮ್ಮನೇಲಿ ಸತ್ತೋರು ನಾಕೇ ಜನ ಅಲ್ವಾ?”

ಲತ ಗಂಡನ ತೋಳು ಹಿಡಿದಳು. ಅವಳಿಗೂ ಗೊತ್ತಿರಲಿಲ್ಲವೆಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಹೊನ್ನಪ್ಪ ಆ ಎಲೆಯನ್ನು ಇನ್ನೊಂದು ಸಲ ನೋಡಿ, ಹೊಸ್ತಿಲಿನಾಚೆಗೆ ಕಾಲಿಟ್ಟ. ತಪ್ಪಿತಸ್ಥನೂ ಹೀಗೇ ಹೆದರುತ್ತಾನೆ, ಬರೀ ಪುಕ್ಕಲನೂ ಹೀಗೇ ಹೆದರುತ್ತಾನೆ. ಇವನು ಯಾವ ಜಾತಿಯ ಹೆದರಿಕೆಯವನು ಎಂಬುದೇ ಮೂರು ತಿಂಗಳಿಂದ ದೇವಯ್ಯನ ತಲೆ ತಿಂದ ಪ್ರಶ್ನೆ.

“ನೀವಿಬ್ರೂ ಮೇಲಕ್ಕೋಗಿ ಕಾಗೆಗೆ ಇಕ್ಕಿ ಬನ್ನಿ,” ಎಂದಳು ದೊಡ್ಡತಾಯಮ್ಮ. “ಕಾಗೆ ಮುಟ್ಟೋಗಂಟ ಅಲ್ಲೇ ನಿಂತಿರಿ. ಓಗಿ.”

ಗಂಡ ಹೆಂಡತಿ ಕಾಗೆಯ ಎಲೆ ಹಿಡಿದು ಮುಂದಿನ ಮಾಳಿಗೆಗೆ ಹೋದರು. ಮುದುಕಿ ಕೋಣೆಯ ಗೋಡೆಗೆ ಒರಗಿ ಕಾಲು ನೀಡಿ ಕುಳಿತಳು. ಎದುರಿನ ನೆಲ ತೋರಿಸಿದಳು.

“ಕುಂತ್ಕೋ ದೇವಯ್ಯ. ನೀನು ನೋಡ್ಬುಟ್ಟೆ. ಇನ್ನು ನಿಂತ್ರೇನು ಕುಂತ್ರೇನು.”

ದೇವಯ್ಯ ಕುಳಿತ. ಸತ್ತವರ ಎಲೆಗಳ ಪಕ್ಕದಲ್ಲೇ ಕುಳಿತು ವಿಚಾರಣೆ ಮಾಡುವುದು ಅವನಿಗೂ ಹೊಸದು. ಅವಸರ ಮಾಡಲಿಲ್ಲ. ನೀರು ಏರುವಾಗ ಅವಸರ ಮಾಡಿದರೆ ಗೇಜು ತಪ್ಪು ಓದುತ್ತೇವೆ ಎಂಬುದು ಅವನು ಮೂವತ್ತೆರಡು ವರ್ಷದಲ್ಲಿ ಕಲಿತಿದ್ದ ಪಾಠ.

“ಆ ಎಲೇಲಿ ಕಜ್ಜಾಯ ಇಲ್ಲ,” ಎಂದ.

“ಇಲ್ಲ.”

“ಮಿಕ್ಕಿದ್ರಲ್ಲೆಲ್ಲ ಅದೆ. ಮರ್ತು ಬುಡೋ ಜನ ಅಲ್ಲ ನೀನು. ಕಜ್ಜಾಯದ ಜಾಗದಲ್ಲಿ ಹುಣಸೆ ತೊಕ್ಕು ಇಕ್ಕಿದ್ದೀಯ. ಬಾಳಕದ ಮೆಣಸಿನಕಾಯಿ ಇಕ್ಕಿದ್ದೀಯ.”

“ಊಂ.”

“ಎಡೇಲಿ ಸಿಹಿ ಇಲ್ದೆ ಯಾರ್ಗೂ ಇಕ್ಕಲ್ಲ. ಸಿಹಿ ಇಕ್ಕಿದ್ರೆ ಎದ್ದೋಗ್ತಾನೆ ಅನ್ನೋ ಜೀವಕ್ಕೆ ಮಾತ್ರ ಹಿಂಗ್ ಇಕ್ಕೋದು.”

ಆ ಜೀವ ಯಾರದೆಂದು ಹೇಳಬೇಕಾಗಿರಲಿಲ್ಲ. ಈ ಕಡೆಯ ಆಲೆಮನೆಗಳಲ್ಲಿ ಹತ್ತಾರು ಜನ ದುಡಿಯುತ್ತಾರೆ, ಎಲ್ಲರೂ ಬೆಲ್ಲ ತಿನ್ನುತ್ತಾರೆ. ಪಾಕ ನೋಡುವವನು ಮಾತ್ರ ಬೇರೆ. ದಿನಕ್ಕೆ ಇಪ್ಪತ್ತು ಸಲ ಕುದಿಯುವ ಪಾಕವನ್ನು ಬೆರಳಲ್ಲಿ ಎತ್ತಿ ನಾಲಗೆಗೆ ಇಡುವುದೇ ಅವನ ಕಸುಬು. ಹತ್ತು ವರ್ಷ ಆ ಕೆಲಸ ಮಾಡಿದ ಚಿಕ್ಕಸಿದ್ದಯ್ಯನಿಗೆ ಸಿಹಿ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಸ್ವಂತ ಮದುವೆಯ ದಿನ ಒಬ್ಬಟ್ಟಿನ ಎಲೆಯಿಂದ ಎದ್ದು ಹೋಗಿ ಅಡುಗೆಯವರ ಹತ್ತಿರ ಉಪ್ಪಿನಕಾಯಿ ಕೇಳಿದವನು. ಆ ಕತೆ ಹೇಳಿ ಸಿದ್ದಲಿಂಗಮ್ಮ ಮೊದಲ ವರ್ಷವೆಲ್ಲ ನಗುತ್ತಿದ್ದಳು.

“ಚಿಕ್ಕಸಿದ್ದಯ್ಯನ ಎಡೆ ಅಲ್ವಾ?” ಎಂದ ದೇವಯ್ಯ.

“ಊಂ ಕಣಪ್ಪ. ಅವ್ನದೇ.”

ಅಷ್ಟು ಸಲೀಸಾಗಿ ಒಪ್ಪಿಕೊಂಡಾಳೆಂದು ಅವನು ಎಣಿಸಿರಲಿಲ್ಲ. ಒಂದು ವರ್ಷದಿಂದ, ಬದುಕಿದ್ದರೂ ಇರಬಹುದು ಎಂಬ ಒಂದು ಎಳೆಯನ್ನು ಅವನೂ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ, ನಾಗಮಂಗಲದ ಸಂತೆಯಲ್ಲಿ, ಹಿಂದಿನಿಂದ ಅವನಂತೆ ಕಂಡ ಎಷ್ಟು ಜನರ ಹೆಗಲು ಮುಟ್ಟಿ ತಿರುಗಿಸಿದ್ದನೋ ಲೆಕ್ಕವಿಲ್ಲ. ಎಡೆ ಇಟ್ಟ ಮೇಲೆ ಇನ್ನು ಹೆಗಲು ಮುಟ್ಟುವ ಕೆಲಸವಿಲ್ಲ. ಜೀವ ಇರುವವರಿಗೆ ಯಾರೂ ಎಡೆ ಇಡುವುದಿಲ್ಲ. ಅದಕ್ಕಿಂತ ದೊಡ್ಡ ಪಾಪ ಈ ಊರಿನವರಿಗೆ ಗೊತ್ತಿಲ್ಲ.

“ಅವ್ನು ಸತ್ತವ್ನೆ ಅಂತ ನಿಂಗೆ ಎಂಗೆ ಗೊತ್ತು?”

“ನಂಗೆ ಗೊತ್ತಿಲ್ಲ. ಎಡೆ ಇಕ್ಕು ಅಂದ್ರು, ಇಕ್ದೆ.”

“ಯಾರಂದ್ರು?”

ದೊಡ್ಡತಾಯಮ್ಮ ಎಲೆಯಡಕೆಯನ್ನು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

“ಹೊನ್ನಪ್ಪನಾ?” ಎಂದ ದೇವಯ್ಯ.

“ಅವ್ನಾ?” ಮುದುಕಿ ಮೂಗಿನಲ್ಲೇ ನಕ್ಕಳು. “ಈಗ ನೋಡ್ದಲ್ಲ, ಹೆಗ್ಗಣುಕ್ಕೆ ಎಂಡ್ತಿ ಸೆರಗು ಇಡ್ಕೊಂಡ. ಅವ್ನು ಕೊಂದಿದ್ರೆ ಅವತ್ತೇ ರಾತ್ರಿ ನನ್ ತೊಡೆ ಮೇಲೆ ತಲೆ ಇಟ್ಟು ಅಳೋನು.”

“ಆ ಬುಧವಾರ ಜಗಳ ಆಗಿದ್ದು ನಿಜ ತಾನೆ? ಹೊನ್ನಪ್ಪ ಇಲ್ಲ ಅಂತಾನೆ.”

“ಆಗಿತ್ತು. ಅವ್ನು ಏಳಕ್ಕೆ ಎದ್ರುತಾನೆ, ನಾನ್ಯಾಕೆ ಎದುರ್ಲಿ. ಒಂದು ಕೊಪ್ಪರ್ಗೆ ಪಾಕ ಸೀದೋಯ್ತು. ಚಿಕ್ಕಸಿದ್ದ ಅವತ್ತು ಎಲ್ಲೋ ನೋಡ್ತಾ ನಿಂತಿದ್ದ, ಬೆಂಕಿ ಕಡೆ ಗ್ಯಾನ ಇಲ್ಲ. ನನ್ ಮಗ ಒಂದೇಟು ಒಡೆದ. ಸೌಟಲ್ಲಿ, ಬೆನ್ನಿಗೆ. ನಾನೇ ನೋಡಿವ್ನಿ.”

“ಆಮೇಲೆ?”

“ಆಮೇಲೇನು. ಟವಲ್ ಕೊಡವ್ಕೊಂಡು ಎದ್ದ. ‘ಮನೀಗೆ ಓಗ್ತೀನಿ ಕಣವ್ವ’ ಅಂದ. ಓದ.”

“ಹೊಳೆ ಕಡೀಕಾ?”

“ಒಳೆ ಕಡೀಕ್ ಯಾಕೋಗ್ತಾನೆ? ಅವ್ನ ಮನೆ ಇರೋದು ಈ ಕಡೆ.” ಮುದುಕಿ ಅಡಕೆ ಬಣ್ಣದ ಬೆರಳಿನಲ್ಲಿ ಊರಿನ ಮೇಗಲ ಬೀದಿಯ ದಿಕ್ಕು ತೋರಿಸಿದಳು. “ಬೇವಿನ ಮರದಗಂಟ ನೋಡ್ತಾ ನಿಂತಿದ್ದೆ. ಅಲ್ಲಿಂದ ಮನೀಗೆ ಎಂಟು ಎಜ್ಜೆ.”

ದೇವಯ್ಯನಿಗೆ ನರಸಯ್ಯ ನೆನಪಾದ. ಹರಿಗೋಲು ಹಾಕುವ ನರಸಯ್ಯ. ಆ ಬುಧವಾರ ಸಂಜೆ ತಾನೇ ಚಿಕ್ಕಸಿದ್ದಯ್ಯನನ್ನು ಹೊಳೆ ದಾಟಿಸಿದೆ, ಆಚೆ ದಡದಲ್ಲಿ ಅವನು ಬೆಂಗಳೂರಿನ ಬಸ್ಸು ಹತ್ತಿದ ಎಂದು ಪೊಲೀಸರ ಮುಂದೆ ಹೇಳಿದ್ದವನು. ಫೈಲು ಮುಚ್ಚಿದ್ದೇ ಆ ಮಾತಿನ ಮೇಲೆ. ದೇವಯ್ಯ ಹಳೆಯ ಸ್ನೇಹಿತರ ಹತ್ತಿರ ಹೋಗಿ ಆ ದಿನದ ನೀರಿನ ಮಟ್ಟ ಕೇಳಿಕೊಂಡು ಬಂದಿದ್ದ. ಕಟ್ಟೆಯಿಂದ ಬಿಟ್ಟಿದ್ದ ನೀರಿಗೆ ಹರಿಗೋಲಲ್ಲ, ಮೋಟಾರು ದೋಣಿಯೂ ದಾಟುತ್ತಿರಲಿಲ್ಲ. ನರಸಯ್ಯ ಹೇಳಿದ್ದು ಸುಳ್ಳು. ಆ ಸುಳ್ಳನ್ನು ಅವನ ಬಾಯಿಗೆ ಇಟ್ಟವರು ಯಾರು ಎಂದು ತಿಳಿಯಬೇಕಿತ್ತು. ಅವರೇ ಈ ಐದನೆಯ ಎಲೆಯನ್ನೂ ಇಡಿಸಿರಬೇಕು.

“ನರಸಯ್ಯ ಇಕ್ಕು ಅಂದ್ನಾ?”

“ಅವ್ನು ಅವ್ರಪ್ಪುಂಗೇ ಎಡೆ ಇಕ್ದೋನಲ್ಲ. ಬುಡು.”

“ಮತ್ಯಾರವ್ವ? ಪೊಲೀಸ್ನೋರಿಗೆ ಯಾಕೆ ಹೇಳ್ಲಿಲ್ಲ ನೀನು?”

“ಪೊಲೀಸ್ನೋರು ಒಂದಿನಾನಾದ್ರೂ ಎಡೆ ವಿಚಾರ ಕೇಳುದ್ರಾ? ಅಡ್ರೆಸ್ ಕೇಳುದ್ರು, ವಯಸ್ಸು ಕೇಳುದ್ರು, ಓದ್ರು.” ಮುದುಕಿ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. ಆಮೇಲೆ ದನಿ ಇಳಿಯಿತು. “ನೋಡು ದೇವಯ್ಯ. ಹತ್ ವರ್ಸ ಈ ಮನೆ ಮುದ್ದೆ ಉಂಡವ್ನೆ ಆ ಉಡ್ಗ. ನನ್ ಕೈಯಾರೆ ಇಕ್ಕಿವ್ನಿ. ಒಬ್ರು ಬಂದು, ‘ಅವ್ನಿಗೆ ಎಡೆ ಇಕ್ಕೋ ಜಾಗ ಇಲ್ಲ ಕಣವ್ವ, ನಿನ್ ಮನೆ ಮೂಲೇಲಿ ಒಂದೆಲೆ ಆಕು, ಅಸ್ಕೊಂಡು ಸೂರ್ ಕೆಳ್ಗೆ ನಿಂತವ್ನೆ’ ಅಂತ ಕಾಲು ಇಡ್ಕೊಂಡ್ರು. ನಾನು ಎಸ್ರು ಏಳಲ್ಲ ಅಂತ ಮಾತು ಕೊಟ್ಟೆ. ಅಸಿದ ಜೀವುಕ್ಕೆ ಅನ್ನ ಇಲ್ಲ ಅನ್ನಕ್ಕಾಯ್ತದಾ?”

ದೇವಯ್ಯನ ಕಣ್ಣು ಮಂಜಾಯಿತು. ಚಿಕ್ಕಸಿದ್ದಯ್ಯ ಕೆಟ್ಟವನಲ್ಲ. ಕುಡಿಯುತ್ತಿದ್ದ, ಕುಡಿದಾಗ ಕೈ ಎತ್ತುತ್ತಿದ್ದ ಎಂದು ಒಂದೆರಡು ಸಲ ಸುದ್ದಿ ಬಂದಿತ್ತು. ಸಿದ್ದಲಿಂಗಮ್ಮನನ್ನು ಕೇಳಿದರೆ ಬಾಗಿಲು ತಗಲಿತು ಎನ್ನುತ್ತಿದ್ದಳು. ಗಂಡ ಹೆಂಡಿರ ನಡುವೆ ತಲೆಹಾಕಬಾರದೆಂದು ದೇವಯ್ಯ ಸುಮ್ಮನಾಗಿದ್ದ.

“ಹೇಳ್ಬೇಡ ಬಿಡು,” ಎಂದ. “ಮಾತು ಮುರೀಬೇಡ. ಇನ್ನೊಂದು ಹೇಳು. ಈ ಎಡೆ ಈಗ ಯಾರು ಉಣ್ಣೋದು?”

ಎಡೆಯನ್ನು ಎಸೆಯುವಂತಿಲ್ಲ. ಹಿರಿಯರು ಉಂಡು ಬಿಟ್ಟದ್ದನ್ನು ಅವರವರ ಕರುಳಿನವರು ಕುಳಿತು ಉಣ್ಣಬೇಕು. ಮರಿಯಯ್ಯನ ಎಲೆ ಹೊನ್ನಪ್ಪನಿಗೆ, ಅತ್ತೆಯ ಎಲೆ ದೊಡ್ಡತಾಯಮ್ಮನಿಗೆ. ಹೊರಗಿನವರ ಎಲೆಗೆ ಈ ಮನೆಯವರು ಕೈ ಹಾಕುವಂತಿಲ್ಲ.

ಮುದುಕಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಮರುಕವಿತ್ತು. ತನ್ನ ವಯಸ್ಸಿಗೆ ಮರುಕವೆಂದು ದೇವಯ್ಯ ತಿಳಿದ.

“ಇಕ್ಕು ಅಂದೋರೇ ಬಂದು ಉಣ್ತಾರೆ. ನಮ್ಮೋರು ಕಾಗೆಗೆ ಇಕ್ಕಕ್ಕೆ ಮೇಲಕ್ಕೋದಾಗ ಇತ್ತಲ ಬಾಗ್ಲಲ್ಲಿ ಬತ್ತಾರೆ. ಉಂಡು, ಎಲೆ ಎತ್ಕೊಂಡು ಓಗ್ತಾರೆ. ಓದ್ವರ್ಸನೂ ಅಂಗೇ ಬಂದಿದ್ರು.”

ದೇವಯ್ಯ ಎದ್ದೇ ಬಿಟ್ಟ. ಮಂಡಿ ನೋವು ಗೊತ್ತಾಗಲಿಲ್ಲ.

“ಹೋದ ವರ್ಷ?”

“ಊಂ. ಓದ್ ಅಮಾಸೆಗೂ ಇಕ್ಕಿದ್ದೆ. ಇದೇ ಜಾಗದಲ್ಲಿ.”

ಅವನು ಬೆರಳು ಮಡಿಸಿದ. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ಹೋದ ಸಲದ ಅಮಾವಾಸ್ಯೆ ಶನಿವಾರ. ಚಿಕ್ಕಸಿದ್ದಯ್ಯ ಕಾಣೆಯಾದ ನಾಲ್ಕನೆಯ ದಿನ. ಆ ದಿನ ಇಡೀ ಊರು ಅವನನ್ನು ಹುಡುಕುತ್ತಿತ್ತು. ಹುಡುಗರು ಬಾವಿಗಳಿಗೆ ಪಾತಾಳಗರಡಿ ಇಳಿಬಿಟ್ಟು ಕೊಕ್ಕೆಗೆ ಏನು ಸಿಗುತ್ತದೋ ಎಂದು ಉಸಿರು ಬಿಗಿಹಿಡಿದಿದ್ದರು. ದೇವಯ್ಯ ಸ್ವತಃ ನಾಲೆಯ ತೂಬಿನ ಬಾಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಮಧ್ಯಾಹ್ನ ಮೂರೂವರೆಗೆ ಯಾರೋ ಮೈಸೂರಿನಲ್ಲಿ ಅವನನ್ನು ನೋಡಿದೆ ಎಂದಾಗ ಅತ್ತೇ ಬಿಟ್ಟಿದ್ದ. ಬದುಕಿದ್ದಾನೆ ಎಂದು ಎಲ್ಲರೂ ನಂಬಿದ್ದ ಗಳಿಗೆ ಅದು.

ಅದೇ ಗಳಿಗೆಯಲ್ಲಿ ಒಬ್ಬರು ಈ ವಾಡೆಯ ಹಿಂದೆ ಕುಳಿತು ಅವನ ಎಡೆ ಉಂಡಿದ್ದರು. ಅವರಿಗೆ ನಂಬಿಕೆಯ ಅಗತ್ಯ ಇರಲಿಲ್ಲ. ಅವರಿಗೆ ಗೊತ್ತಿತ್ತು.

ಕೊಂದ ಕೈ, ಇಲ್ಲವೇ ಕೊಂದದ್ದನ್ನು ನೋಡಿದ ಕಣ್ಣು. ಪೊಲೀಸರ ಮುಂದೆ ಒಂದು ವರ್ಷ ಒಂದು ಮಾತೂ ಜಾರದಂತೆ ಬಾಯಿ ಕಟ್ಟಿಕೊಂಡವರು, ಹಸಿದ ಪಿತೃವಿನ ಮುಂದೆ ಕಟ್ಟಿಕೊಳ್ಳಲಾರದೆ ಹೋದರು. ಕೊಂದ ಮೇಲೂ ಅವನು ಉಪವಾಸ ಇರಬಾರದೆಂದು ಕಾಲು ಹಿಡಿದು ಬೇಡಿದರು. ದೇವಯ್ಯನಿಗೆ ಮೊದಲ ಬಾರಿಗೆ ಆ ಕಾಣದ ಮನುಷ್ಯನ ಮೇಲೆ ಸಿಟ್ಟಿನ ಜೊತೆಗೆ ಇನ್ನೇನೋ ಬಂತು. ಅದಕ್ಕೆ ಹೆಸರಿಡಲು ಅವನು ಹೋಗಲಿಲ್ಲ.

“ಈ ವರ್ಷ ಬರೋದು ಎಷ್ಟೊತ್ತಿಗೆ?” ಎಂದ.

“ಈಗ್ಲೇ.”

ಮೇಲೆ ಮಾಳಿಗೆಯಲ್ಲಿ ಹೊನ್ನಪ್ಪ ಕಾಗೆಗಳನ್ನು ಕರೆಯುತ್ತಿದ್ದ. ಕಾ, ಕಾ ಎಂಬ ಅವನ ದನಿ ದಪ್ಪ ಗೋಡೆಗಳನ್ನು ದಾಟಿ ಸಣ್ಣದಾಗಿ ಬರುತ್ತಿತ್ತು. ಬೆಳಕಿಂಡಿಯ ಬಿಸಿಲು ಮರಿಯಯ್ಯನ ಎಲೆಯಿಂದ ಸತ್ತ ಹುಡುಗಿಯ ಬಳೆಗಳ ಮೇಲಕ್ಕೆ ಸರಿದಿತ್ತು. ದೊಡ್ಡತಾಯಮ್ಮ ವಾಡೆಗೆ ಕೈಯೂರಿ ಎದ್ದು, ಐದನೆಯ ಲೋಟವನ್ನು ತೊಳೆದು ಮತ್ತೆ ನೀರು ತುಂಬಿದಳು.

ದೇವಯ್ಯ ಕೋಣೆಯ ಬಾಗಿಲಲ್ಲಿ ನಿಂತ. ಅಲ್ಲಿಂದ ಹಿತ್ತಲ ಬಾಗಿಲು ನೆಟ್ಟಗೆ ಕಾಣುತ್ತಿತ್ತು. ಬರುವವನು ನರಸಯ್ಯನಂಥ ಹೊಳೆಯ ಆಳಾದರೆ ತನ್ನ ಕೈಲಿ ತಡೆಯಲಾಗದು. ತಡೆಯುವುದು ಬೇಡ, ಮುಖ ನೋಡಿದರೆ ಸಾಕು. ಸಂಜೆಯೊಳಗೆ ಪಟ್ಟಣದ ಠಾಣೆ. ರಾತ್ರಿ ಊಟದ ಹೊತ್ತಿಗೆ ಸಿದ್ದಲಿಂಗಮ್ಮನ ಎದುರು ಕುಳಿತು, ಮಗಾ, ಇದೇ ಆದದ್ದು, ಇಂಥವರೇ ಮಾಡಿದ್ದು, ಇನ್ನು ಅತ್ತುಬಿಡು ಎಂದು ಹೇಳಬಹುದು. ಅಷ್ಟು ಹೇಳಿಬಿಟ್ಟರೆ ತನ್ನ ಕೆಲಸ ಮುಗಿಯಿತು.

ಹಿತ್ತಲಲ್ಲಿ ಒಣಗಿದ ಎಲೆಗಳ ಮೇಲೆ ಹೆಜ್ಜೆ ಸದ್ದಾಯಿತು. ಹಗುರವಾದ ಹೆಜ್ಜೆ. ಕಲ್ಲುಬಾನಿಯ ಹತ್ತಿರ ನಿಂತು ಕಾಲು ತೊಳೆದುಕೊಂಡಿತು. ಅಗುಳಿ ಸರಿಯಿತು.

ಸಿದ್ದಲಿಂಗಮ್ಮ ಒಳಗೆ ಬಂದಳು.

ಕಾಲು ಒದ್ದೆಯಾಗಿತ್ತು. ತಲೆಯ ಮೇಲೆ ಸೆರಗು. ಹಣೆಯ ಕುಂಕುಮ ಬೆಳಗ್ಗೆ ಇಟ್ಟುಕೊಂಡಂತೆಯೇ ದುಂಡಗೆ ಇತ್ತು.

ಅಯ್ಯೋ, ನನ್ನನ್ನು ಹುಡುಕಿಕೊಂಡು ಬಂದಳಲ್ಲ ಎಂದು ದೇವಯ್ಯನಿಗೆ ಕಸಿವಿಸಿಯಾಯಿತು. ಅದರ ಬೆನ್ನಿಗೇ ಹೆದರಿಕೆ. ಗಂಡನ ಎಡೆಯನ್ನು ಇವಳು ಹೀಗೆ, ಯಾರೂ ಹೇಳದೆ ಕೇಳದೆ, ಒಂದು ಕತ್ತಲೆ ಮೂಲೆಯಲ್ಲಿ ನೋಡಬಾರದು. ಅವನು ಬಾಗಿಲ ಎರಡೂ ಕಡೆಗೆ ಕೈ ಚಾಚಿ ಅಡ್ಡ ನಿಂತ.

“ಒಳಕ್ಕೆ ಬರ್ಬೇಡ ಮಗಾ. ಮನೀಗೆ ನಡಿ. ನಾನೂ ಬತ್ತೀನಿ, ದಾರೀಲಿ ಎಲ್ಲ ಹೇಳ್ತೀನಿ.”

ಅವಳು ಅವನ ಮುಖ ನೋಡಲಿಲ್ಲ. ಅವನ ತೋಳಿನ ಕೆಳಗಿನಿಂದ ಕೋಣೆಯೊಳಗೆ, ವಾಡೆಯ ಕಡೆಗೆ ನೋಡಿದಳು. ಬೆನ್ನ ಹಿಂದೆ ದೊಡ್ಡತಾಯಮ್ಮ ಮಣೆಯೊಂದನ್ನು ನೆಲದ ಮೇಲೆ ಎಳೆದು ಹಾಕಿದ ಸದ್ದು ದೇವಯ್ಯನಿಗೆ ಕೇಳಿಸಿತು.

ಸಿದ್ದಲಿಂಗಮ್ಮ ಸೆರಗಿನ ತುದಿ ತೆಗೆದುಕೊಂಡು, ಬೆವರು ಒರೆಸಿಕೊಳ್ಳುವವಳಂತೆ, ಹಣೆಯ ಕುಂಕುಮವನ್ನು ಒಂದೇ ಸಲಕ್ಕೆ ಒರೆಸಿಕೊಂಡಳು.

“ದಾರಿ ಬುಡು ಮಾವ,” ಎಂದಳು. “ಅನ್ನ ಆರೋಯ್ತದೆ.”